ಮೂತ್ರಪಿಂಡದ ವ್ಯಾಧಿ ಮತ್ತು ರಕ್ತದ ನಂಜು

ಕನ್ನಡದಲ್ಲಿ ನಂಜು ಎಂಬುದು ಬಹು ಹಳೆಯ ಮಾತು. ಹಾವು ಕಡಿದಾಗ ಏರುವುದೂ ನಂಜೇ. ಕಾಲಿಗೆ ಮುಳ್ಳು ನೆಟ್ಟು ನಾಲ್ಕು ದಿನ ಕಳೆದ ಬಳಿಕ ಕೆಂಪೇರಿ ಬಾತುಕೊಂಡ ಗಾಯವನ್ನು ಕಂಡರೂ ನಂಜಾಯಿತೆಂದೇ ಹೇಳುತ್ತೇವೆ. ೧೪ನೆಯ ಶತಮಾನದಲ್ಲಿ ಜೈನಕವಿ ಮಂಗರಾಜನು ವಿಷಚಿಕಿತ್ಸೆಯನ್ನೇ ವಿಷಯವಾಗಿಟ್ಟುಕೊಂಡು 'ಖಗೇಂದ್ರಮಣಿದರ್ಪಣ'ವನ್ನು ಕನ್ನಡದಲ್ಲಿ ರಚಿಸಿದುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಇಂದಿನ ವೈದ್ಯರು ಸೆಪ್ಸಿಸ್ ಎನ್ನುವ ವ್ಯಾಧಿಯನ್ನು ರಕ್ತದ ನಂಜು ಎಂದು ಕರೆಯುವ ರೂಢಿಯಿದೆ. ಈ ಹೆಸರು ಸುಲಭವಾದುದು, ಆದರೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಹಾವಿನ ನಂಜು ಪೂರ್ತಿಯಾಗಿ ಹೊರಗಿನಿಂದ ಬಂದುದು. ಸೆಪ್ಸಿಸ್ಸಿನಲ್ಲಿ ಹೊರಗಿನಿಂದ ಬಂದುದು ರೋಗಾಣು ಮಾತ್ರ; ಅದನ್ನು ಎದುರಿಸಲು ಹೊರಟ ದೇಹದ ಸ್ವಂತ ರಕ್ಷಣಾಶಕ್ತಿಯು ಅಂಕೆ ತಪ್ಪಿ ತನ್ನ ಅಂಗಗಳನ್ನೇ ಕೆಡಿಸತೊಡಗುವುದು ಈ ವ್ಯಾಧಿಯ ಸ್ವರೂಪ. ೨೦೧೬ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಮಂಡಲಿಯು ನಿಶ್ಚಯಿಸಿದ ಲಕ್ಷಣವೂ ಇದೇ: ಸೋಂಕಿಗೆ ದೇಹವು ತೋರುವ ಅಂಕೆತಪ್ಪಿದ ಪ್ರತಿಕ್ರಿಯೆಯಿಂದ ಪ್ರಾಣಾಪಾಯ ತರುವಷ್ಟು ಅಂಗವೈಫಲ್ಯ ಉಂಟಾದರೆ ಅದು ಸೆಪ್ಸಿಸ್.

ಇದು ಅಪರೂಪದ ರೋಗವೆಂದು ಭಾವಿಸಬಾರದು. ೨೦೧೭ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು ೪ ಕೋಟಿ ೮೯ ಲಕ್ಷ ಜನರಿಗೆ ಸೆಪ್ಸಿಸ್ ಉಂಟಾಗಿ, ೧ ಕೋಟಿ ೧೦ ಲಕ್ಷ ಜನ ಅದರಿಂದ ಅಳಿದರೆಂದು ೨೦೨೦ರಲ್ಲಿ ಪ್ರಕಟವಾದ ಗಣನೆಯೊಂದು ತಿಳಿಸುತ್ತದೆ. ಐದು ಮರಣಗಳಲ್ಲಿ ಒಂದರ ಹಿಂದೆ ಇದಿದೆಯೆಂದಾಯಿತು. ಈ ವ್ಯಾಧಿಯು ಬೇಗನೆ ಕೈಹಾಕುವ ಅಂಗಗಳಲ್ಲಿ ಮೂತ್ರಪಿಂಡವು ಮುಖ್ಯವಾದುದು. ಮೂತ್ರಪಿಂಡವು ಮೊದಲೇ ಬಲಹೀನವಾಗಿದ್ದವರನ್ನು ಈ ವ್ಯಾಧಿ ಹುಡುಕಿಕೊಂಡು ಬರುವುದೂ ಉಂಟು. ಒಂದು ಇನ್ನೊಂದಕ್ಕೆ ಕಾರಣವೂ ಹೌದು, ಕಾರ್ಯವೂ ಹೌದು. ವ್ರತೋಪವಾಸಗಳು ನಡೆಯುವ ಮನೆಗಳಲ್ಲಿ ಇದನ್ನು ತಿಳಿದಿರಬೇಕಾದ ವಿಶೇಷ ಪ್ರಯೋಜನವೊಂದಿದೆ. ಸೆಪ್ಸಿಸ್ಸಿನ ಮೊದಲ ಚಿಹ್ನೆಗಳಾದ ಮೂತ್ರದ ಅಲ್ಪತೆ, ಜಡತೆ, ಅರುಚಿ, ನಿಶ್ಶಕ್ತಿ ಇವು ಉಪವಾಸದ ದಿನ ಎಲ್ಲರಲ್ಲೂ ಕಾಣತಕ್ಕವುಗಳೇ ಆದುದರಿಂದ, ರೋಗವನ್ನು ತಪಸ್ಸಿನ ಆಯಾಸವೆಂದು ತಿಳಿದು ಅಮೂಲ್ಯವಾದ ಗಂಟೆಗಳನ್ನು ಕಳೆದುಕೊಳ್ಳುವ ಸಂಭವ ಇಲ್ಲಿ ಹೆಚ್ಚು.

ಮೂತ್ರಪಿಂಡದ ಕಾರ್ಯ

ಬೆನ್ನೆಲುಬಿನ ಇಕ್ಕೆಲಗಳಲ್ಲಿ, ಕೆಳಪಕ್ಕೆಲುಬುಗಳ ಮರೆಯಲ್ಲಿ, ಮುಷ್ಟಿಯ ಗಾತ್ರದ ಎರಡು ಮೂತ್ರಪಿಂಡಗಳಿವೆ. ಹಿಂದಿನ ಶಾಲಾಪುಸ್ತಕಗಳಲ್ಲಿ ಇವುಗಳನ್ನೇ ಮೂತ್ರಜನಕಾಂಗಗಳೆಂದು ಓದಿದವರು ಇರಬಹುದು. ಇವೆರಡರ ತೂಕ ಸೇರಿ ದೇಹದ ತೂಕದ ನೂರರಲ್ಲೊಂದು ಪಾಲೂ ಆಗದು. ಆದರೂ ಹೃದಯವು ಪ್ರತಿ ನಿಮಿಷ ಹೊರಡಿಸುವ ರಕ್ತದಲ್ಲಿ ಐದನೆಯ ಒಂದು ಪಾಲು ಇವುಗಳಿಗೆ ಸಲ್ಲುತ್ತದೆ. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕಗಳಿದ್ದು ಇವುಗಳಿಗೆ ನೆಫ್ರಾನ್ ಎಂದು ಹೆಸರು. ಇವೆಲ್ಲ ಸೇರಿ ದಿನಕ್ಕೆ ಸುಮಾರು ೧೮೦ ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಮೂತ್ರವಾಗಿ ಹೊರಗೆ ಬರುವುದಾದರೋ ಒಂದು ಒಂದೂವರೆ ಲೀಟರ್ ಮಾತ್ರ.

ನಮ್ಮ ಮನೆಗಳಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸುವಾಗ ಬೇಡದ್ದು ಬಟ್ಟೆಯ ಮೇಲೆ ನಿಂತು, ಬೇಕಾದ ನೀರು ಕೆಳಗೆ ಇಳಿಯುತ್ತದೆ. ಮೂತ್ರಪಿಂಡದ ಕ್ರಮ ಬೇರೆ. ರಕ್ತಕಣಗಳನ್ನೂ ದೊಡ್ಡ ಸಸಾರಜನಕಗಳನ್ನೂ ಮೇಲೆ ಉಳಿಸಿಕೊಂಡು ಮಿಕ್ಕುದೆಲ್ಲವನ್ನೂ ಅದು ಮೊದಲು ಕೆಳಗೆ ಬಿಡುತ್ತದೆ. ಅನಂತರ ಸೂಕ್ಷ್ಮನಾಳಗಳ ಒಳಗೋಡೆಯ ಕೋಶಗಳು ನೀರು, ಲವಣ, ಸಕ್ಕರೆಗಳಲ್ಲಿ ಬೇಕಾದಷ್ಟನ್ನು ಹೆಕ್ಕಿ ಮರಳಿ ರಕ್ತಕ್ಕೆ ಸೇರಿಸುತ್ತವೆ. ಈ ಹೆಕ್ಕುವ ಕೆಲಸಕ್ಕೆ ಬಹಳ ಶಕ್ತಿ ವ್ಯಯವಾಗುತ್ತದೆ. ಸೆಪ್ಸಿಸ್ ಬಂದಾಗ ಪೆಟ್ಟು ಬೀಳುವುದೂ ಮುಖ್ಯವಾಗಿ ಈ ಕೋಶಗಳಿಗೇ.

ನಂಜು ಮೂತ್ರಪಿಂಡವನ್ನು ಕೆಡಿಸುವ ಬಗೆ

ಬಹುಕಾಲ ವೈದ್ಯರ ಅಭಿಪ್ರಾಯ ಹೀಗಿತ್ತು: ಸೆಪ್ಸಿಸ್ಸಿನಲ್ಲಿ ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡಕ್ಕೆ ರಕ್ತ ಸಾಲದೆ ಹೋಗುತ್ತದೆ, ಕಾಲುವೆಗೆ ನೀರು ಬಾರದ ಗದ್ದೆಯಂತೆ ಅದರ ಕೋಶಗಳು ಒಣಗಿ ಸಾಯುತ್ತವೆ. ಇದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಈ ಶತಮಾನದ ಮೊದಲ ದಶಕದಲ್ಲಿ ಆಸ್ಟ್ರೇಲಿಯದ ಸಂಶೋಧಕರು ಕುರಿಗಳಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಬೇರೊಂದು ಸಂಗತಿ ಕಂಡುಬಂದಿತು. (ಪ್ರಾಣಿಗಳ ಮೇಲೆ ನಡೆದ ಇಂತಹ ಪ್ರಯೋಗಗಳ ಮಾತು ನಮ್ಮ ಮನಸ್ಸಿಗೆ ಹಿತವಾದುದಲ್ಲ, ಜ್ಞಾನವು ಬಂದ ದಾರಿಯನ್ನು ಮರೆಮಾಡಬಾರದೆಂದು ಇಲ್ಲಿ ಹೇಳಿದೆ.) ಸೋಂಕು ಏರಿದಾಗ ಮೂತ್ರಪಿಂಡಕ್ಕೆ ಹರಿಯುವ ಒಟ್ಟು ರಕ್ತವು ಕಡಿಮೆಯಾಗುವುದರ ಬದಲು ಹೆಚ್ಚಿತ್ತು, ಆದರೂ ಸೋಸುವ ಕೆಲಸ ಕುಸಿದಿತ್ತು. ರಕ್ತದ ಒಟ್ಟು ಮೊತ್ತವೊಂದೇ ಕಾರಣವಲ್ಲವೆಂದು ಇದರಿಂದ ತಿಳಿಯಿತು. ಅತಿ ಸೂಕ್ಷ್ಮವಾದ ರಕ್ತನಾಳಗಳಲ್ಲಿ ಹರಿವು ಅಸ್ತವ್ಯಸ್ತವಾಗುವುದು, ಉರಿಯೂತದ ದ್ರವ್ಯಗಳು ಸೋಸಿಹೋಗಿ ನಾಳದ ಕೋಶಗಳನ್ನು ನೇರವಾಗಿ ಮುಟ್ಟುವುದು, ಆಗ ಆ ಕೋಶಗಳು ತಮ್ಮ ಉಳಿವಿಗಾಗಿ ಕೆಲಸವನ್ನು ಮೊಟಕುಗೊಳಿಸಿ ಸುಮ್ಮನಾಗುವುದು ಎಂಬ ಮೂರು ಕಾರಣಗಳನ್ನು ಇಂದು ಹೇಳುತ್ತಾರೆ. ಸೆಪ್ಸಿಸ್ಸಿನಿಂದ ತೀರಿಕೊಂಡವರ ಮೂತ್ರಪಿಂಡಗಳನ್ನು ಪರೀಕ್ಷಿಸಿದಾಗ, ಜೀವಂತವಿದ್ದಾಗ ಅಂಗವು ಪೂರ್ಣ ನಿಂತುಹೋಗಿದ್ದರೂ, ಸತ್ತ ಕೋಶಗಳು ಸ್ವಲ್ಪವೇ ಕಂಡುಬಂದುವು. ಕೋಶಗಳು ಸತ್ತಿರಲಿಲ್ಲ, ಕೆಲಸ ನಿಲ್ಲಿಸಿದ್ದುವು. ಸಕಾಲದಲ್ಲಿ ಚಿಕಿತ್ಸೆ ದೊರೆತ ಅನೇಕರಲ್ಲಿ ಮೂತ್ರಪಿಂಡವು ಕೆಲವು ವಾರಗಳಲ್ಲಿ ಮತ್ತೆ ಕೆಲಸಕ್ಕೆ ತೊಡಗುವುದರ ಗುಟ್ಟು ಇಲ್ಲಿದೆ.

ಈ ಹಠಾತ್ ಹಾನಿಯನ್ನು ಗುರುತಿಸಲು ೨೦೧೨ರಿಂದ ಬಳಕೆಯಲ್ಲಿರುವ ಅಳತೆಯು ಸರಳವಾದುದು. ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ತ್ಯಾಜ್ಯವು ೪೮ ಗಂಟೆಗಳಲ್ಲಿ ಡೆಸಿಲೀಟರಿಗೆ ೦.೩ ಮಿಲಿಗ್ರಾಂ ಏರಿದರೆ, ಅಥವಾ ಏಳು ದಿನಗಳೊಳಗೆ ಮೊದಲಿದ್ದುದರ ಒಂದೂವರೆ ಪಟ್ಟಾದರೆ, ಅಥವಾ ಮೂತ್ರವು ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಗಂಟೆಗೆ ಅರ್ಧ ಮಿಲಿಲೀಟರಿಗಿಂತ ಕಡಿಮೆಯಾಗಿ ಆರು ಗಂಟೆ ಮುಂದುವರಿದರೆ ಮೂತ್ರಪಿಂಡಕ್ಕೆ ಪೆಟ್ಟಾಗಿದೆಯೆಂದು ಅರ್ಥ. ೬೦ ಕಿಲೋಗ್ರಾಂ ತೂಕದವರಿಗೆ ಇದು ಆರು ಗಂಟೆಗೆ ೧೮೦ ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟದಷ್ಟು. ೨೩ ದೇಶಗಳ ೫೪ ಆಸ್ಪತ್ರೆಗಳ ತೀವ್ರನಿಗಾ ಘಟಕಗಳಲ್ಲಿ ನಡೆದು ೨೦೦೫ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂತ್ರಪಿಂಡ ತೀವ್ರವಾಗಿ ನಿಂತುಹೋದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಸೆಪ್ಸಿಸ್ಸಿನ ಆಘಾತವು ಕಾರಣಗಳಲ್ಲೊಂದಾಗಿತ್ತು.

ಮೂತ್ರಪಿಂಡವು ನಿಂತ ಮೇಲೆ ಅದು ನಂಜನ್ನು ಇಮ್ಮಡಿಗೊಳಿಸುತ್ತದೆ. ನೀರು ಹೊರಹೋಗದೆ ಶ್ವಾಸಕೋಶದಲ್ಲಿ ತುಂಬುತ್ತದೆ. ರಕ್ತದಲ್ಲಿ ಆಮ್ಲವೂ ಪೊಟ್ಯಾಸಿಯಂ ಲವಣವೂ ಏರಿ ಹೃದಯದ ಬಡಿತವನ್ನು ಕೆಡಿಸುತ್ತವೆ. ಔಷಧದ ಪ್ರಮಾಣವನ್ನು ನಿಶ್ಚಯಿಸುವುದು ವೈದ್ಯರಿಗೂ ಕಷ್ಟವಾಗುತ್ತದೆ. ಡಯಾಲಿಸಿಸ್ ಯಂತ್ರದ ಚರಿತ್ರೆಯ ಆರಂಭದಲ್ಲಿಯೂ ಈ ಎರಡು ವ್ಯಾಧಿಗಳು ಜೊತೆಯಾಗಿಯೇ ಕಾಣುತ್ತವೆ. ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ ವಿಲ್ಲೆಂ ಕೋಲ್ಫ್ ಎಂಬ ವೈದ್ಯನು ಯುದ್ಧಕಾಲದ ಅಭಾವದ ನಡುವೆ ೧೯೪೩ರಲ್ಲಿ ಕೃತಕ ಮೂತ್ರಪಿಂಡವನ್ನು ಬಳಕೆಗೆ ತಂದನು. ಮೊದಲ ಎರಡು ವರ್ಷ ಅವನು ಚಿಕಿತ್ಸೆ ಮಾಡಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡರು. ೧೯೪೫ರ ಸೆಪ್ಟೆಂಬರಿನಲ್ಲಿ ೬೭ ವರ್ಷದ ವೃದ್ಧೆಯೊಬ್ಬಳನ್ನು ಪ್ರಜ್ಞಾಹೀನ ಸ್ಥಿತಿಯಲ್ಲಿ ತಂದರು. ಪಿತ್ತಕೋಶದ ಸೋಂಕಿನ ಬೆನ್ನಲ್ಲೇ ಅವಳ ಮೂತ್ರಪಿಂಡಗಳು ನಿಂತುಹೋಗಿದ್ದುವು. ೧೧ ಗಂಟೆಗಳ ಡಯಾಲಿಸಿಸ್ಸಿನ ಬಳಿಕ ಅವಳು ಕಣ್ಣು ತೆರೆದು ಮಾತನಾಡಿದಳು, ಚೇತರಿಸಿಕೊಂಡು ಮನೆಗೆ ಹೋಗಿ ಇನ್ನೂ ಕೆಲವು ವರ್ಷ ಬದುಕಿದಳು. ಯಂತ್ರವು ರೋಗವನ್ನು ಗುಣಪಡಿಸಲಿಲ್ಲ. ಮೂತ್ರಪಿಂಡವು ಎಚ್ಚರಗೊಳ್ಳುವವರೆಗೆ ಕಾಲವನ್ನು ಒದಗಿಸಿಕೊಟ್ಟಿತು.

ಮೂತ್ರಪಿಂಡದ ವ್ಯಾಧಿಯು ನಂಜನ್ನು ಕರೆಯುವ ಬಗೆ

ಇನ್ನು ಎರಡನೆಯ ದಿಕ್ಕು. ಮೂರು ತಿಂಗಳಿಗೆ ಮೀರಿ ಮೂತ್ರಪಿಂಡದ ಶಕ್ತಿ ಕುಗ್ಗಿರುವವರಲ್ಲಿ, ಹೊರಹೋಗಬೇಕಾದ ತ್ಯಾಜ್ಯಗಳು ರಕ್ತದಲ್ಲಿಯೇ ಉಳಿದು ಬಿಳಿಯ ರಕ್ತಕಣಗಳನ್ನು ಮಂಕಾಗಿಸುತ್ತವೆ. ಕಾವಲುಗಾರರು ಇದ್ದರೂ ತೂಕಡಿಸುತ್ತಿರುತ್ತಾರೆ. ಮಧುಮೇಹವೇ ಮೂತ್ರಪಿಂಡ ಕೆಟ್ಟುದರ ಮೂಲವಾಗಿದ್ದರೆ ಸೋಂಕಿಗೆ ಅದೂ ಒಂದು ದಾರಿ. ಮೂತ್ರದಲ್ಲಿ ಸಸಾರಜನಕ ವಿಪರೀತವಾಗಿ ಸೋರುವವರಲ್ಲಿ ರೋಗನಿರೋಧಕ ದ್ರವ್ಯಗಳೂ ಅದರೊಡನೆ ಹೊರಟುಹೋಗುತ್ತವೆ. ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಂತೂ ಹೊಸ ಅಂಗವನ್ನು ಉಳಿಸಿಕೊಳ್ಳಲು ರಕ್ಷಣಾಶಕ್ತಿಯನ್ನು ಬೇಕೆಂದೇ ತಗ್ಗಿಸುವ ಮಾತ್ರೆಗಳನ್ನು ಸೇವಿಸುತ್ತಿರುತ್ತಾರೆ.

ಇವೆಲ್ಲಕ್ಕಿಂತ ಹೆಚ್ಚಿನ ಅಪಾಯ ಡಯಾಲಿಸಿಸ್ಸಿನಲ್ಲಿರುವವರಿಗೆ. ಸೆಪ್ಸಿಸ್ಸಿನಿಂದ ಸಾಯುವ ಪ್ರಮಾಣವು ಸಾಮಾನ್ಯ ಜನರಿಗೆ ಹೋಲಿಸಿದರೆ ಡಯಾಲಿಸಿಸ್ ರೋಗಿಗಳಲ್ಲಿ ನೂರರಿಂದ ಮುನ್ನೂರು ಪಟ್ಟು ಹೆಚ್ಚೆಂದು ಅಮೆರಿಕದ ಅಂಕಿಅಂಶಗಳನ್ನು ಪರಿಶೀಲಿಸಿ ೨೦೦೦ದಲ್ಲಿ ಪ್ರಕಟಿಸಿದ ಲೇಖನವೊಂದು ತೋರಿಸಿಕೊಟ್ಟಿತು. ವಾರಕ್ಕೆ ಎರಡು ಮೂರು ಬಾರಿ ರಕ್ತವನ್ನು ಹೊರಗೆ ತಂದು ಮರಳಿ ಒಳಗೆ ಬಿಡುವಾಗ ಚರ್ಮದ ಕೋಟೆಗೆ ಬಾಗಿಲು ತೆರೆದಂತೆಯೇ ಸರಿ. ಆ ಬಾಗಿಲು ಯಾವ ಬಗೆಯದು ಎಂಬುದರ ಮೇಲೆ ಬಹಳ ನಿಂತಿದೆ. ಕುತ್ತಿಗೆಯ ಅಥವಾ ಎದೆಯ ದೊಡ್ಡ ಸಿರೆಗೆ ಹಾಕಿದ ಕೊಳವೆಯು ಚರ್ಮದ ಹೊರಗೂ ರಕ್ತದ ಒಳಗೂ ಒಂದೇ ಸಮನೆ ಇರುವುದರಿಂದ ರೋಗಾಣುಗಳು ಅದರ ಮೇಲೆ ತೆವಳಿ ನೇರವಾಗಿ ರಕ್ತವನ್ನು ಸೇರಬಲ್ಲವು. ೧೯೬೬ರಲ್ಲಿ ನ್ಯೂಯಾರ್ಕಿನ ವೈದ್ಯರು ತಿಳಿಸಿಕೊಟ್ಟ, ಮುಂಗೈಯ ಧಮನಿಯನ್ನು ಸಿರೆಗೆ ಹೊಲಿದು ಜೋಡಿಸುವ ಫಿಸ್ಟುಲಾ ಎಂಬ ಕ್ರಮದಲ್ಲಿ ಈ ಭಯವು ಬಹು ಕಡಿಮೆ. ಅದು ಹದಕ್ಕೆ ಬರಲು ಒಂದೆರಡು ತಿಂಗಳು ಬೇಕು. ಆದುದರಿಂದ ವೈದ್ಯರು ಮುಂದಾಗಿ ಸೂಚಿಸಿದಾಗ 'ನೋಡೋಣ' ಎಂದು ತಳ್ಳಿಹಾಕದೆ ಮಾಡಿಸಿಕೊಂಡಿರುವುದು ಲೇಸು.

ಇಲ್ಲಿ ನಮ್ಮ ಮನೆಗಳಿಗೆ ಸಂಬಂಧಿಸಿದ ಮಾತೊಂದುಂಟು. ಕುತ್ತಿಗೆಗೆ ಕೊಳವೆ ಹಾಕಿಸಿಕೊಂಡವರು ಪೂಜೆಗೆ ಮುನ್ನ ತಲೆಯಿಂದ ಸ್ನಾನ ಮಾಡಬೇಕೆಂದು ಹಟ ಹಿಡಿಯುವುದೂ, ಒದ್ದೆ ಮಡಿಯನ್ನು ಹೊದೆಯುವುದೂ ಅಪಾಯಕರ. ಕೊಳವೆಯ ಬಾಯಿಯ ಪಟ್ಟಿ ನೆನೆದರೆ ಅಲ್ಲಿಂದಲೇ ಸೋಂಕು ಮೊದಲಾಗುತ್ತದೆ. ಕೊಳವೆ ಇರುವಷ್ಟು ಕಾಲ ಮೈ ಒರೆಸಿಕೊಂಡು ಒಣ ಶುದ್ಧವಸ್ತ್ರವನ್ನು ಉಟ್ಟು ದೂರದಿಂದ ದರ್ಶನ, ಜಪ, ಸ್ವಾಧ್ಯಾಯಗಳಲ್ಲಿ ತೃಪ್ತರಾಗತಕ್ಕದ್ದು. ಡಯಾಲಿಸಿಸ್ ನಡೆಯುವಾಗಲೋ ಮನೆಗೆ ಬಂದ ಮೇಲೋ ಮೈ ನಡುಗುವ ಚಳಿ ಬಂದರೆ ಬೇರೆ ಕಾರಣವನ್ನು ಹುಡುಕುತ್ತ ಕೂರದೆ ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ ತಿಳಿಸಬೇಕು. ಹೊಟ್ಟೆಯ ಮೂಲಕ ಮನೆಯಲ್ಲಿಯೇ ಡಯಾಲಿಸಿಸ್ ಮಾಡಿಕೊಳ್ಳುವವರಲ್ಲಿ ಹೊರಬಂದ ದ್ರವವು ಅಕ್ಕಿ ತೊಳೆದ ನೀರಿನಂತೆ ಕದಡಿದ್ದರೆ ಅದೇ ಮೊದಲ ಸೂಚನೆ.

ಕಲ್ಲು ಮತ್ತು ಮಳೆಗಾಲದ ಜ್ವರ

ಮೂತ್ರದ ದಾರಿಯೇ ಸೋಂಕಿನ ಮೂಲವಾಗುವುದು ಬಹಳ ಸಾಮಾನ್ಯ. ಉರಿಮೂತ್ರದಿಂದ ಮೊದಲಾದುದು ಮೇಲೇರಿ ಮೂತ್ರಪಿಂಡವನ್ನು ಮುಟ್ಟಿದರೆ ಪಕ್ಕೆನೋವು, ಚಳಿಜ್ವರ, ವಾಂತಿಗಳು ಬರುತ್ತವೆ. ಇದರೊಡನೆ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿ ದಾರಿ ಮುಚ್ಚಿದ್ದರೆ ಸ್ಥಿತಿಯು ಒಮ್ಮೆಲೇ ಘೋರವಾಗುತ್ತದೆ. ಕಟ್ಟಿನಿಂತ ಕೀವಿನ ಮೂತ್ರದೊಳಕ್ಕೆ ಔಷಧವು ಸಾಕಷ್ಟು ಇಳಿಯದು. ಬಾಟಲಿಗಟ್ಟಲೆ ಸೂಜಿಮದ್ದು ಕೊಟ್ಟರೂ, ನಾಳದೊಳಗೆ ಕೊಳವೆ ಹಾಕಿಯೋ ಬೆನ್ನಿನ ಕಡೆಯಿಂದ ತೂತು ಮಾಡಿಯೋ ಆ ಮೂತ್ರವನ್ನು ಹೊರಗೆ ಬಿಡದ ಹೊರತು ರೋಗಿ ಉಳಿಯುವುದು ಕಷ್ಟ. 'ಕಲ್ಲಿನ ನೋವು ಹಳೆಯದು, ಬಾಳೆದಿಂಡಿನ ರಸ ಕುಡಿದರೆ ಆದೀತು' ಎನ್ನುವ ಮಾತು ಜ್ವರವಿಲ್ಲದ ದಿನಕ್ಕೆ ಇರಲಿ. ಕಲ್ಲಿನೊಡನೆ ಚಳಿಜ್ವರ ಬಂದರೆ ಅದು ಅದೇ ದಿನ ಆಸ್ಪತ್ರೆ ಸೇರಬೇಕಾದ ಸ್ಥಿತಿ. ಪ್ರೋಸ್ಟೇಟ್ ಗ್ರಂಥಿ ಬೆಳೆದು ಮೂತ್ರ ಪೂರ್ತಿ ಹೋಗದ ವೃದ್ಧರಿಗೂ ಇದೇ ಎಚ್ಚರಿಕೆ.

ಮಳೆಗಾಲದ ಕೆಲವು ಜ್ವರಗಳು ಬೇರೆ ದಾರಿಯಿಂದ ಇದೇ ಫಲವನ್ನು ತರುತ್ತವೆ. ಕರಾವಳಿ ಮತ್ತು ಮಲೆನಾಡುಗಳಲ್ಲಿ ಗದ್ದೆಯ ಕೆಸರಿನಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ ಇಲಿಜ್ವರವು ಅಪರಿಚಿತವಲ್ಲ. ಇಲಿ ಮೊದಲಾದ ಪ್ರಾಣಿಗಳ ಮೂತ್ರದಿಂದ ಮಲಿನವಾದ ನೀರಿನಲ್ಲಿರುವ ಲೆಪ್ಟೊಸ್ಪೈರಾ ಎಂಬ ರೋಗಾಣುಗಳು ಕಾಲಿನ ಬಿರುಕು ಗಾಯಗಳಿಂದ ಒಳಹೊಕ್ಕು, ಮೈಕೈನೋವು, ಕಣ್ಣು ಕೆಂಪು, ಮೀನಖಂಡದ ನೋವುಗಳಿಂದ ಮೊದಲಾಗಿ ತೀವ್ರವಾದಾಗ ಕಾಮಾಲೆಯನ್ನೂ ಮೂತ್ರಪಿಂಡದ ವೈಫಲ್ಯವನ್ನೂ ಉಂಟುಮಾಡುತ್ತವೆ. ವಿಚಿತ್ರವೆಂದರೆ ಈ ಜ್ವರದಲ್ಲಿ ಮೂತ್ರಪಿಂಡ ಕೆಟ್ಟಿದ್ದರೂ ಆರಂಭದಲ್ಲಿ ಮೂತ್ರವು ಎಂದಿನಂತೆ ಹೋಗುತ್ತಿರಬಹುದು. ಅದನ್ನು ನಂಬಿ ಸುಮ್ಮನಿರುವಂತಿಲ್ಲ. ಪೊದೆಹುಲ್ಲುಗಳ ನುಸಿಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರದಲ್ಲಿ ಕಂಕುಳಲ್ಲೋ ತೊಡೆಸಂದಿಯಲ್ಲೋ ಬೀಡಿಯಿಂದ ಸುಟ್ಟಂತಹ ಕಪ್ಪು ಹಕ್ಕಳೆ ಇರಬಹುದಾದುದರಿಂದ ಮೈಯನ್ನೆಲ್ಲ ಹುಡುಕಿ ನೋಡತಕ್ಕದ್ದು. ಎರಡಕ್ಕೂ ಬೆಲೆ ಕಡಿಮೆಯ ಔಷಧವಿದೆ, ಬೇಗ ಕೊಟ್ಟರೆ ಫಲವೂ ನಿಶ್ಚಿತವೆಂಬಷ್ಟಿದೆ. ಈ ಜ್ವರಗಳ ಕಾಲವೂ ಚಾತುರ್ಮಾಸದ ವ್ರತಗಳ ಕಾಲವೂ ಒಂದೇ ಆಗಿರುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಪವಾಸದ ದಿನ ಗುರುತಿಸುವುದು ಹೇಗೆ?

೨೦೧೨ರಿಂದ ಪ್ರತಿ ವರ್ಷ ಸೆಪ್ಟೆಂಬರ್ ೧೩ರಂದು ವಿಶ್ವ ಸೆಪ್ಸಿಸ್ ದಿನವನ್ನು ಆಚರಿಸುತ್ತಾರೆ. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವವು ಅನೇಕ ವರ್ಷ ಇದೇ ದಿನಗಳಲ್ಲಿ ಬರುವುದು ಆಕಸ್ಮಿಕವಾದರೂ ನೆನಪಿಡಲು ಅನುಕೂಲವಾದುದು.

ಆರೋಗ್ಯವಂತರು ಒಂದು ದಿನ ನೀರನ್ನೂ ಬಿಟ್ಟರೆ ಅವರ ಮೂತ್ರಪಿಂಡಗಳು ಜಾಣತನದಿಂದ ನೀರನ್ನು ಹಿಡಿದಿಡುತ್ತವೆ. ದಿನಕ್ಕೆ ಅರ್ಧ ಲೀಟರಿನಷ್ಟು ಗಾಢವರ್ಣದ ಮೂತ್ರದಲ್ಲಿಯೇ ತ್ಯಾಜ್ಯಗಳನ್ನೆಲ್ಲ ಹೊರಹಾಕಬಲ್ಲವು. ರೋಗಗ್ರಸ್ತ ಮೂತ್ರಪಿಂಡಕ್ಕೆ ಈ ಜಾಣತನ ಉಳಿದಿರುವುದಿಲ್ಲ. ನೀರು ಕುಡಿಯದಿದ್ದರೂ ತಿಳಿಯಾದ ಮೂತ್ರವು ಎಂದಿನಂತೆ ಹೋಗುತ್ತಲೇ ಇದ್ದು ದೇಹವು ಒಳಗೊಳಗೇ ಒಣಗುತ್ತದೆ. ಮನೆಯವರು ಮಾತ್ರ 'ನೀರಿಲ್ಲದಿದ್ದರೂ ಮೂತ್ರ ಚೆನ್ನಾಗಿದೆ' ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಹೀಗೆ ಒಣಗಿದ ದೇಹಕ್ಕೆ ಚಿಕ್ಕದೊಂದು ಸೋಂಕು ತಗುಲಿದರೂ ರಕ್ತದೊತ್ತಡವು ಬೇಗ ಕುಸಿಯುತ್ತದೆ. ಒತ್ತಡದ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ನಿರಾಹಾರದ ದಿನವೂ ಎಂದಿನಂತೆ ನುಂಗುವುದರಿಂದ ಕೇಡು ಇನ್ನಷ್ಟಾಗುತ್ತದೆ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಬಾರದು ಎಂಬುದನ್ನು ವ್ರತಕ್ಕೆ ವಾರ ಮುಂಚೆ ವೈದ್ಯರಿಂದ ಬರೆಸಿಕೊಳ್ಳತಕ್ಕದ್ದು.

ಬರಿಯ ಉಪವಾಸದಿಂದ ಬಳಲಿದವರ ಮಾತು ಮೆಲ್ಲಗಾಗಬಹುದು, ಆದರೆ ಬುದ್ಧಿ ಸ್ವಚ್ಛವಾಗಿರುತ್ತದೆ, ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಬರುತ್ತದೆ, ಉಸಿರು ಶಾಂತವಾಗಿರುತ್ತದೆ. ಸೆಪ್ಸಿಸ್ಸಿನಲ್ಲಿ ಉಸಿರು ವೇಗವಾಗುತ್ತದೆ. ಗಡಿಯಾರ ಹಿಡಿದು ಎಣಿಸಿದರೆ ನಿಮಿಷಕ್ಕೆ ೨೨ ಅಥವಾ ಹೆಚ್ಚು. ರಕ್ತದೊತ್ತಡದ ಮೇಲಿನ ಅಂಕಿ ೧೦೦ ಅಥವಾ ಅದಕ್ಕಿಂತ ಕೆಳಗಿರುತ್ತದೆ. ಮಾತು ತೊದಲುವುದು, ದಿನ ತಿಥಿ ಮರೆಯುವುದು, ಮೊಮ್ಮಕ್ಕಳ ಹೆಸರು ತಪ್ಪಿ ಕರೆಯುವುದು, ಕಾರಣವಿಲ್ಲದೆ ಸಿಡುಕುವುದು ಇವು ಮೆದುಳಿಗೆ ತೊಂದರೆ ತಲುಪಿದ ಚಿಹ್ನೆಗಳು. ಕೈಕಾಲು ತಣ್ಣಗಾಗಿ ಚರ್ಮದ ಮೇಲೆ ನೀಲಿಬಣ್ಣದ ಮಚ್ಚೆ ಮಚ್ಚೆಗಳು ಕಾಣಬಹುದು. ಜ್ವರವು ಇದ್ದೇ ಇರಬೇಕೆಂದಿಲ್ಲ. ವೃದ್ಧರಲ್ಲಿಯೂ ಮೂತ್ರಪಿಂಡದ ರೋಗಿಗಳಲ್ಲಿಯೂ ಮೈ ತಣ್ಣಗಿರುವುದೂ ಉಂಟು. ಬೆಳಗಿನಿಂದ ಸಂಜೆಯವರೆಗೆ ಮೂತ್ರವೇ ಆಗದಿರುವುದನ್ನು, ಉಪವಾಸವಿರಲಿ ಇಲ್ಲದಿರಲಿ, ಕಡೆಗಣಿಸಬಾರದು. ಡಯಾಲಿಸಿಸ್ಸಿನಲ್ಲಿರುವ ಬಹುಮಂದಿಗೆ ಮೂತ್ರವೇ ಇಲ್ಲದುದರಿಂದ ಅವರಲ್ಲಿ ಈ ಸೂಚನೆ ದೊರೆಯದು. ಉಸಿರು, ಬುದ್ಧಿ, ಚಳಿ ಇವನ್ನೇ ನೋಡಬೇಕು.

ಸಂದೇಹ ಬಂದಾಗ ಹೊತ್ತು ಕಳೆಯಬಾರದು. ರಕ್ತದೊತ್ತಡ ಕುಸಿದ ಸೆಪ್ಸಿಸ್ ರೋಗಿಗಳಲ್ಲಿ ಮೊದಲ ಆರು ಗಂಟೆಗಳಲ್ಲಿ ತಕ್ಕ ಔಷಧ ತಡವಾದ ಪ್ರತಿ ಗಂಟೆಗೂ ಬದುಕುವ ಸಂಭವವು ಸರಾಸರಿ ೭.೬ ಪ್ರತಿಶತ ಇಳಿದುದನ್ನು ೨೦೦೬ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ೨೦೨೧ರ ಅಂತಾರಾಷ್ಟ್ರೀಯ ಸೂಚನೆಗಳಲ್ಲಿಯೂ ಇಂತಹವರಿಗೆ ಒಂದು ಗಂಟೆಯೊಳಗೆ ಔಷಧ ಸಲ್ಲಬೇಕೆಂದಿದೆ. ಹಳೆಯ ಕ್ರಿಯಾಟಿನಿನ್ ವರದಿಗಳನ್ನೂ ನುಂಗುತ್ತಿರುವ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಜೊತೆಗೆ ಒಯ್ಯಬೇಕು. ಮೂತ್ರಪಿಂಡದ ರೋಗವಿದೆಯೆಂದೂ ಎಷ್ಟು ಹೊತ್ತಿನಿಂದ ನೀರು ಮುಟ್ಟಿಲ್ಲವೆಂದೂ ಸಂಕೋಚವಿಲ್ಲದೆ ಮೊದಲೇ ಹೇಳಬೇಕು. ಮೈಕೈನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳಂತಹ ನೋವಿನ ಮಾತ್ರೆಗಳನ್ನು ಈ ಹೊತ್ತಿನಲ್ಲಿ ಕೊಡಕೂಡದು. ಒಣಗಿದ ಮೂತ್ರಪಿಂಡಕ್ಕೆ ಅವು ಕೊನೆಯ ಪೆಟ್ಟಾಗಬಹುದು.

ಶಂಕೆ ಮತ್ತು ಸಮಾಧಾನ

ಶಂಕೆ: ಸಂಕಲ್ಪ ಮಾಡಿದ ಉಪವಾಸವನ್ನು ನಡುವೆ ಬಿಟ್ಟರೆ ವ್ರತಭಂಗವಾಗದೆ?

ಸಮಾಧಾನ: ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೇಳುವಾಗ ಆಚಾರ್ಯರು ಎರಡಕ್ಕೂ 'ಶಕ್ತಿತಃ' ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ಮೂತ್ರಪಿಂಡ ಕೆಟ್ಟವರಿಗೆ ನಿರ್ಜಲ ಉಪವಾಸವು ಶಕ್ತಿಗೆ ಮೀರಿದುದು. ಸಂಕಲ್ಪಕ್ಕೆ ಮೊದಲೇ ಗುರುಗಳಿಗೆ ತಮ್ಮ ವ್ಯಾಧಿಯನ್ನು ನಿವೇದಿಸಿದರೆ ಅವರು ತಕ್ಕುದನ್ನೇ ಕೊಡುತ್ತಾರೆ. ಬಾಹ್ಯ ತಪಸ್ಸುಗಳು ಆರು. ಅನಶನವು ಅವುಗಳಲ್ಲಿ ಒಂದು ಮಾತ್ರ. ರಸಪರಿತ್ಯಾಗದಲ್ಲಿ ಉಪ್ಪನ್ನು ಬಿಡುವುದು ಮೂತ್ರಪಿಂಡದ ಬಹುಪಾಲು ರೋಗಿಗಳಿಗೆ ಹಿತವೂ ಹೌದು. ಸೈಂಧವ ಲವಣವೂ ಉಪ್ಪೇ ಎಂಬುದನ್ನು ಮರೆಯಬಾರದು.

ಶಂಕೆ: ರಾತ್ರಿಭೋಜನ ತ್ಯಾಗವುಳ್ಳವರಿಗೆ ಎಂಟು ಗಂಟೆಗೊಮ್ಮೆ ಔಷಧ ಬರೆದರೆ ಏನು ಮಾಡಬೇಕು?

ಸಮಾಧಾನ: ರಾತ್ರಿಯ ಹೊತ್ತಿನದನ್ನು ಯಾರಿಗೂ ಹೇಳದೆ ಬಿಟ್ಟುಬಿಡುವುದು ಸರ್ವಥಾ ಸಲ್ಲದು. ಅರ್ಧ ಚಿಕಿತ್ಸೆಯಿಂದ ಸೋಂಕು ಅಡಗಿ ಮತ್ತೆ ಏಳುತ್ತದೆ. ನಿಯಮವನ್ನು ವೈದ್ಯರಿಗೆ ತಿಳಿಸಿದರೆ, ಅನೇಕ ಸೋಂಕುಗಳಿಗೆ ದಿನಕ್ಕೆ ಒಮ್ಮೆ ಇಲ್ಲವೆ ಎರಡು ಬಾರಿ ಕೊಡತಕ್ಕ ಔಷಧಗಳಿವೆ. ಜೆಲಟಿನ್ ಪ್ರಾಣಿಜನ್ಯವೆಂದು ಕ್ಯಾಪ್ಸೂಲುಗಳನ್ನು ನುಂಗದವರೂ ಹಾಗೆಯೇ ಮಾತ್ರೆಯ ಅಥವಾ ಸೂಜಿಮದ್ದಿನ ರೂಪವನ್ನು ಕೇಳಬಹುದು. ತೀವ್ರ ಸೆಪ್ಸಿಸ್ಸಿನಲ್ಲಂತೂ ಔಷಧವು ಸಿರೆಯ ಮೂಲಕವೇ ಸಲ್ಲುತ್ತದೆ.

ಶಂಕೆ: ವೃದ್ಧರಾದ ವ್ರತಿಯೊಬ್ಬರು ಮಂಪರಿನಲ್ಲಿ ಆಹಾರ ನೀರು ಬೇಡವೆನ್ನುತ್ತಾರೆ. ಅಂತ್ಯಕಾಲವೆಂದು ತಿಳಿದು ಸಲ್ಲೇಖನೆಗೆ ಸಿದ್ಧಪಡಿಸಬಹುದೆ?

ಸಮಾಧಾನ: ಈ ಪ್ರಶ್ನೆಯು ಅನೇಕ ಮನೆಗಳಲ್ಲಿ ಏಳುವಂಥದು, ಉತ್ತರವನ್ನು ಆತುರದಲ್ಲಿ ಹೇಳತಕ್ಕದ್ದಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಸಲ್ಲೇಖನೆಗೆ ನಿಮಿತ್ತವಾಗಬಹುದಾದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳನ್ನು ಹೇಳುವಾಗ ಅವು ಪ್ರತೀಕಾರವಿಲ್ಲದವಾಗಿರಬೇಕೆಂಬ ನಿಯಮವನ್ನು ಹಾಕಿದ್ದಾರೆ. ಸ್ವತಃ ಅವರೇ ಭಸ್ಮಕ ವ್ಯಾಧಿಯಿಂದ ಪೀಡಿತರಾಗಿ ಸಲ್ಲೇಖನೆಯನ್ನು ಬೇಡಿದಾಗ ಗುರುಗಳು ಒಪ್ಪದೆ, ವ್ಯಾಧಿ ಶಮನವಾಗುವವರೆಗೆ ದೀಕ್ಷೆಯನ್ನು ಬದಿಗಿರಿಸಲು ಹೇಳಿದರೆಂಬ ಕಥೆಯು ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಸೆಪ್ಸಿಸ್ ಬಹುಮಟ್ಟಿಗೆ ಪ್ರತೀಕಾರವುಳ್ಳ ವ್ಯಾಧಿ. ಮೂರು ದಿನದ ಹಿಂದೆ ಬಸದಿಗೆ ನಡೆದು ಹೋಗಿಬಂದವರು ಇಂದು ಮಂಪರಿನಲ್ಲಿದ್ದರೆ ಅದು ಮುಪ್ಪಿನಿಂದ ಬಂದುದಲ್ಲ, ರೋಗದಿಂದ ಬಂದುದು. ಮತ್ತು ಆ ಮಂಪರಿನ 'ಬೇಡ'ವು ವಿವೇಕದಿಂದ ಹೊರಟ ತ್ಯಾಗವಲ್ಲ. ಸಲ್ಲೇಖನೆಯು ಪೂರ್ಣ ಜಾಗೃತಿಯನ್ನೇ ಅಪೇಕ್ಷಿಸುತ್ತದೆ. ಮೊದಲು ವೈದ್ಯರು ನೋಡಲಿ. ದೀರ್ಘಕಾಲದಿಂದ ಹಲವು ಅಂಗಗಳು ಕೆಟ್ಟು ಉಪಾಯವಿಲ್ಲವೆಂದು ಬಲ್ಲ ವೈದ್ಯರೇ ಹೇಳಿದ ಬಳಿಕ, ರೋಗಿಗೆ ಎಚ್ಚರವಿರುವಾಗ ಅವರ ಇಚ್ಛೆಯನ್ನು ಕೇಳಿ, ಗುರುಗಳ ಸನ್ನಿಧಿಯಲ್ಲಿ ವಿಚಾರಿಸುವುದು ಬೇರೆಯೇ ಸಂದರ್ಭ.

ಶಂಕೆ: ಗುಣವಾಗಿ ಮನೆಗೆ ಬಂದವರು ಮುಂದಿನ ಭಾದ್ರಪದದಲ್ಲಿ ಉಪವಾಸ ಮಾಡಬಹುದೆ?

ಸಮಾಧಾನ: ಸೆಪ್ಸಿಸ್ಸಿನಲ್ಲಿ ಒಮ್ಮೆ ಪೆಟ್ಟು ತಿಂದ ಮೂತ್ರಪಿಂಡವು ಹೊರನೋಟಕ್ಕೆ ಸರಿಹೋದರೂ ಕೆಲವರಲ್ಲಿ ಮೆಲ್ಲಮೆಲ್ಲನೆ ಕ್ಷೀಣಿಸುತ್ತ ಹೋಗುತ್ತದೆ. ಆಸ್ಪತ್ರೆಯಿಂದ ಬಂದ ಮೂರು ತಿಂಗಳಿಗೆ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮೂತ್ರದಲ್ಲಿ ಸಸಾರಜನಕದ ಪರೀಕ್ಷೆಯನ್ನೂ ಮಾಡಿಸಿ, ಆ ಕಾಗದವನ್ನು ನೋಡಿಯೇ ಉಪವಾಸದ ಮಾತನ್ನು ಎತ್ತಬೇಕು. ಫ್ಲೂ ಮತ್ತು ನ್ಯೂಮೋನಿಯದ ಲಸಿಕೆಗಳನ್ನೂ, ಡಯಾಲಿಸಿಸ್ಸಿನಲ್ಲಿರುವವರು ಹೆಪಟೈಟಿಸ್-ಬಿ ಲಸಿಕೆಯನ್ನೂ ಅದೇ ಭೇಟಿಯಲ್ಲಿ ಕೇಳಿ ಹಾಕಿಸಿಕೊಳ್ಳಬಹುದು. ವೈದ್ಯರು ಏಕಾಶನಕ್ಕೆ ಒಪ್ಪಿದ್ದರೂ ಪಾರಣೆಯ ಎಳನೀರು ಮತ್ತು ಹಣ್ಣಿನ ರಸಗಳ ವಿಷಯವನ್ನು ಬೇರೆಯಾಗಿ ವಿಚಾರಿಸತಕ್ಕದ್ದು. ಅವುಗಳಲ್ಲಿ ಪೊಟ್ಯಾಸಿಯಂ ಹೇರಳವಾಗಿದ್ದು, ಕುಗ್ಗಿದ ಮೂತ್ರಪಿಂಡವು ಅದನ್ನು ಹೊರಹಾಕಲಾರದು.